ನದಿಯ ಎಡಗೈ

ಶಾಲೆಯ ಪುಸ್ತಕದಲ್ಲಿ ಓದಿದ ನದಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ದೂರದೂರದಿಂದ ಜನ ಬರುತ್ತಿದ್ದರು. ಬಂದವರನ್ನು ಕೂರಿಸಿಕೊಂಡು ಕೆಳಗಿನ ಜೆಟ್ಟಿಯಿಂದ ಮೇಲಿನ ಹಳೇ ಸೇತುವೆಯ ತನಕ ಹೋಗಿಬರುವ ಬೋಟೊಂದಿತ್ತು. ಅದರ ಚುಕ್ಕಾಣಿ ಹಿಡಿಯುವವನು ಮೂಕಣ್ಣ, ಮೈಕು ಹಿಡಿಯುವವಳು ಅವನ ಹೆಂಡತಿ ಮೈಕಮ್ಮ. ಜೆಟ್ಟಿಯವರು ಸುಮ್ಮನೆ ಇಟ್ಟ ಹೆಸರುಗಳೇನಲ್ಲ ಅವು. ಅವನು ಬಾಯಿ ಬಿಟ್ಟರೆ ಬಣ್ಣಗೇಡೆಂದು ನಂಬಿದವನು. ಅವಳೋ, ತಾನು ಬಾಯಿ ಮುಚ್ಚಿದರೆ ನದಿ ನಿಂತೇಬಿಡುತ್ತದೇನೋ ಎನ್ನುವ ಹಾಗೆ ಮಾತಾಡುವವಳು. ದೇವರು ಇಬ್ಬರಿಗೂ ಸೇರಿಸಿ ಕೊಟ್ಟ ಮಾತನ್ನು ಸೊಸೆಯೊಬ್ಬಳೇ ಬಾಚಿಕೊಂಡುಬಿಟ್ಟಳು ಎಂದು ಮೂಕಣ್ಣನ ತಾಯಿ ನಗುತ್ತಿದ್ದಳು.

ಬೋಟು ಜೆಟ್ಟಿ ಬಿಟ್ಟ ಕೂಡಲೇ ಮೈಕಮ್ಮ ಮುಂಭಾಗದ ಸ್ಟೂಲಿನ ಮೇಲೆ ಕುಳಿತು, ಮೈಕನ್ನು ಎರಡು ಸಲ ತಟ್ಟಿ, ಎಲ್ಲಕ್ಕಿಂತ ಮೊದಲು ನದಿಯ ಮುಖ ತೋರಿಸುತ್ತಿದ್ದಳು.

"ನೋಡಿ, ನದಿಗೂ ಮುಖ ಇದೆ, ಅದು ಸಮುದ್ರದ ಕಡೆಗಿದೆ. ಅದರ ಎಡಗೈ ಕಡೆ ಎಡದಂಡೆ, ಬಲಗೈ ಕಡೆ ಬಲದಂಡೆ. ನಾವೀಗ ನದಿಗೆ ಎದುರಾಗಿ ಹೋಗ್ತಿದ್ದೀವಿ, ಅದಕ್ಕೇ ಅದರ ಎಡದಂಡೆ ನಿಮ್ಮ ಬಲಕ್ಕೆ ಬಂದಿದೆ. ತಲೆ ಕೆಡಿಸ್ಕೋಬೇಡಿ. ನೀವು ಎತ್ತ ಮುಖ ತಿರುಗಿಸಿ ಕೂತ್ರೂ ನದಿಯ ಎಡ ಎಡಾನೇ."

ಆಮೇಲೆ ಕಥೆ ಶುರು. ಹಿಂದಿನ ಕಾಲದಲ್ಲಿ ಅರಮನೆಯ ಬಟ್ಟೆಗೆ ಬಣ್ಣ ಹಾಕುವ ಬಣ್ಣದವರು ಅದನ್ನು ಜಾಲಿಸುತ್ತಿದ್ದ ಮೆಟ್ಟಿಲುಗಳನ್ನು ತೋರಿಸುವಳು. ಈ ವರ್ಷ ರಾಣಿಗೆ ಯಾವ ಬಣ್ಣ ಇಷ್ಟ ಎಂಬುದು ಕೆಳಗಿನ ಊರುಗಳಿಗೆ ನೀರು ನೋಡಿಯೇ ಗೊತ್ತಾಗುತ್ತಿತ್ತಂತೆ. ನದಿ ಕೆಂಪಗೆ ಹರಿದರೆ ಆ ಊರಿನ ಹೆಂಗಸರೂ ಕೆಂಪು ಬಟ್ಟೆಗೆ ಗಂಡಂದಿರ ಜೀವ ತಿನ್ನುತ್ತಿದ್ದರಂತೆ. ಎಡದಂಡೆಯ ಅರಮನೆ, ಅದಕ್ಕೆ ಸರಿಯಾಗಿ ಎದುರು ಬಲದಂಡೆಯ ಸೆರೆಮನೆ, ಎರಡಕ್ಕೂ ಒಂದೇ ಗುಡ್ಡದ ಕಲ್ಲು. "ಕಲ್ಲು ಒಂದೇ, ಒಳಗಿದ್ದೋರ ಹಣೆಬರಹ ಬೇರೆ," ಎಂದು ಅವಳು ನಿಟ್ಟುಸಿರು ಬಿಟ್ಟರೆ ಕೂತವರೂ ನಿಟ್ಟುಸಿರು ಬಿಡುತ್ತಿದ್ದರು.

ನಡುನಡುವೆ ಅವಳ ಇನ್ನೊಂದು ಮಾತಿತ್ತು. ಅದು ಪ್ರವಾಸಿಗಳಿಗಲ್ಲ, ಹಿಂದೆ ಚುಕ್ಕಾಣಿ ಹಿಡಿದು ನಿಂತವನಿಗೆ. "ರೀ, ಸ್ವಲ್ಪ ನಿಧಾನ." "ರೀ, ಎಡಕ್ಕೊಂದು ದೋಣಿ ಇದೆ ನೋಡಿ." ಮೈಕು ಬಾಯಿಯ ಹತ್ತಿರವೇ ಇರುತ್ತಿದ್ದರಿಂದ ಆ 'ರೀ' ಎರಡೂ ದಂಡೆಗೆ ಕೇಳಿಸುತ್ತಿತ್ತು. ಬೇರೆ ಭಾಷೆಯ ಪ್ರವಾಸಿಯೊಬ್ಬ ಅದೇ ಅವನ ಹೆಸರೆಂದು ತಿಳಿದು, ಇಳಿಯುವಾಗ ಕೈಕುಲುಕಿ "ಗುಡ್ ಬೈ ಮಿಸ್ಟರ್ ರೀ" ಎಂದಿದ್ದ. ಮೂಕಣ್ಣ ತಿದ್ದಲಿಲ್ಲ. ನಿಜ ಹೇಳಬೇಕೆಂದರೆ ಆ ಹೆಸರು ಅವನಿಗೆ ಹಿಡಿಸಿತ್ತು.

ವಾಪಸು ಬರುವಾಗ ಮೈಕಮ್ಮ ಮೈಕು ಮುಟ್ಟುತ್ತಿರಲಿಲ್ಲ. ಹೋಗುವಾಗ ಕಥೆ, ಬರುವಾಗ ಗಾಳಿ, ಇದು ಅವಳ ಕಟ್ಟಳೆ. ಜನರಿಗೂ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು ಬೇಕು ಎನ್ನುತ್ತಿದ್ದಳು. ಆಶ್ಚರ್ಯ ಬೇಡ, ಅವಳೇ ಹೇಳಿದ ಮಾತು.

ಹೀಗಿರುವಾಗ ಅವಳ ದನಿ ಒಡೆಯಿತು. ಮೊದಲು ಸಂಜೆ ಹೊತ್ತು ಕರಕರ, ಆಮೇಲೆ ಬೆಳಿಗ್ಗೆಯೂ ಕರಕರ. ಡಾಕ್ಟರು ಗಂಟಲಿಗೆ ಕನ್ನಡಿ ಹಿಡಿದು ನೋಡಿ, "ಸಣ್ಣ ಗಂಟಾಗಿದೆ, ಹೆದರೋ ಅಂಥದ್ದೇನಲ್ಲ. ಆದ್ರೆ ಕೆಲವು ತಿಂಗಳು ಮಾತು ಕಡಿಮೆ ಮಾಡ್ಬೇಕು," ಎಂದರು. ಪಕ್ಕದಲ್ಲಿ ಕೂತಿದ್ದ ಮೂಕಣ್ಣನಿಗೆ ಕೇಳಿಸಿದ್ದು 'ಗಂಟು' ಎಂಬುದೊಂದೇ. ಅವನ ಅಪ್ಪನಿಗೂ ಹೀಗೇ ಗಂಟಲಿನಿಂದಲೇ ಶುರುವಾಗಿ, ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಆದರೆ ಅವನು ಮೂಕಣ್ಣನಲ್ಲವೇ? ತುಟಿ ಪಿಟಕ್ಕೆನ್ನದೆ ಹೆಂಡತಿಯ ಕೈಚೀಲ ಎತ್ತಿಕೊಂಡು ಹೊರಗೆ ನಡೆದ.

ಮಾರನೇ ದಿನ ಬೋಟಿನ ಮಾಲೀಕ ಜೆಟ್ಟಿಯಲ್ಲಿ ಸಿಕ್ಕಿ ವಿಷಯ ತೆಗೆದ.

"ಈಗೆಲ್ಲಾ ರೆಕಾರ್ಡಿಂಗ್ ಬಂದಿದೆ ಕಣೋ. ಒಂದು ಪೆಟ್ಟಿಗೆ ಇಟ್ರೆ ಸಾಕು, ಅದೇ ಕಥೆ ಹೇಳುತ್ತೆ. ನಿನ್ನ ಹೆಂಡ್ತಿ ಗಂಟಲಿಗೂ ರೆಸ್ಟ್ ಸಿಗುತ್ತೆ. ಮನೇಲಿ ಒಂದು ಮಾತು ಕೇಳ್ಕೊಂಡು ಬಂದು ಹೇಳು."

"ಕೇಳೋದೇನಿದೆ? ಹಾಕ್ಸಿ," ಎಂದ ಮೂಕಣ್ಣ.

ಅವನ ಮಟ್ಟಿಗೆ ಅದು ದೊಡ್ಡ ಭಾಷಣ. ಹೆಂಡತಿಯ ಗಂಟಲು ಉಳಿಯಿತಲ್ಲ ಎಂದು ಅಂದು ಅವನು ಹೊಟ್ಟೆ ತುಂಬ ಊಟ ಮಾಡಿ ಮಲಗಿದ. ಹೆಂಡತಿಗೆ ಹೇಳಲಿಲ್ಲ. ಹೇಳುವುದೆಂದರೆ ಅಪ್ಪನ ಗಂಟಲಿನಿಂದ ಶುರು ಮಾಡಬೇಕಿತ್ತು, ಅಷ್ಟು ದೂರದಿಂದ ಮಾತು ಎಳೆದು ತರುವ ಶಕ್ತಿ ಅವನಿಗಿರಲಿಲ್ಲ.

ಪೆಟ್ಟಿಗೆ ಬಂದ ದಿನ ಮೈಕಮ್ಮ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು, ಬಿಸಿನೀರಿನ ಫ್ಲಾಸ್ಕು ಹಿಡಿದು ಎಂದಿನಂತೆ ಬೋಟು ಹತ್ತಿದಳು. ಇನ್ನು ಮೇಲೆ ಅರ್ಧ ಕಥೆ ಹೇಳುವುದು, ಉಳಿದರ್ಧಕ್ಕೆ ಜನರೇ ಕಣ್ಣು ಬಿಟ್ಟು ನೋಡಿಕೊಳ್ಳಲಿ ಎಂದು ಅವಳೇ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದಳು. ನೋಡಿದರೆ ಸ್ಟೂಲಿಲ್ಲ. ಸ್ಟೂಲಿನ ಜಾಗದಲ್ಲಿ ಕಪ್ಪು ಪೆಟ್ಟಿಗೆ.

"ಇದೇನಿದು?" ಎಂದಳು.

"ನಿಮ್ಮನೆಯವರೇ ಒಪ್ಪಿದ್ರಲ್ಲಮ್ಮ," ಎಂದ ಮಾಲೀಕ. "ಹೆಂಡ್ತಿನ ಕೇಳು ಅಂದೆ, ಕೇಳೋದೇನಿದೆ ಅಂದ್ರು."

ಮೈಕಮ್ಮ ಗಂಡನತ್ತ ನೋಡಿದಳು. ಗಂಡ ನದಿಯತ್ತ ನೋಡಿದ. ಅವಳು ಫ್ಲಾಸ್ಕು ಎತ್ತಿಕೊಂಡು ಮೆಟ್ಟಿಲು ಹತ್ತಿ ಮನೆಗೆ ಹೋದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇಲ್ಲಿ ಉಂಡರು, ಮಲಗಿದರು, ಬೆಳಿಗ್ಗೆ ನೋಡಿದರೆ ಜಗಳ ಅವರಿಗಿಂತ ಮೊದಲೇ ಎದ್ದು ಕೂತಿತ್ತು. ಮೈಕಮ್ಮ ಕೂಗಾಡಲಿಲ್ಲ, ಪಾತ್ರೆ ಎಸೆಯಲಿಲ್ಲ. ಎಸೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಡಾಕ್ಟರು ಮಾತು ಬೇಡ ಎಂದಿದ್ದನ್ನೇ ಗುರಾಣಿ ಮಾಡಿಕೊಂಡು ಗಂಡನ ಜೊತೆ ಮಾತು ಬಿಟ್ಟಳು. ಹೇಳಲೇಬೇಕಾದ್ದನ್ನು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟುವಳು.

"ಅತ್ತೆ, ನಿಮ್ಮ ಮಗನಿಗೆ ಊಟಕ್ಕೆ ಬರೋಕೆ ಹೇಳಿ."

ಮಗ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದ. ಅತ್ತೆಗೆ ಕಿವಿ ಸ್ವಲ್ಪ ಮಂದ. "ಏನು, ಊರಿಗೆ ಹೋಗೋಕೆ ಹೇಳ್ಬೇಕಾ?" ಎಂದು ಗಟ್ಟಿಯಾಗಿ ಕೇಳುವಳು. ಮತ್ತೆ ಪಿಸುಮಾತು, ಮತ್ತೆ ಪ್ರಶ್ನೆ. ಅಷ್ಟರಲ್ಲಿ ಊಟ ಆರಿರುತ್ತಿತ್ತು.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ," ಎಂದಳು ಮುದುಕಿ ಒಂದು ದಿನ ತಣ್ಣಗಿನ ಅನ್ನ ಕಲಸುತ್ತ. "ಈ ಮನೇಲಿ ನಾನೇ ಕೂಸು."

ಇಬ್ಬರೂ ನಗಲಿಲ್ಲ. ಇಷ್ಟು ವರ್ಷ 'ರೀ' ಆಗಿದ್ದ ಮೂಕಣ್ಣ ಒಂದೇ ದಿನಕ್ಕೆ 'ನಿಮ್ಮ ಮಗ' ಆಗಿಬಿಟ್ಟಿದ್ದ. ಚಹಾದ ಲೋಟ ಹಿಡಿದು ಅಡುಗೆಮನೆಯ ಬಾಗಿಲ ತನಕ ಹೋಗುವನು, ಮಾತು ಗಂಟಲ ತನಕ ಬರುವುದು. ಅವಳು ಸೆರಗು ಸರಿ ಮಾಡಿಕೊಂಡು ಒಲೆಯ ಕಡೆ ಮುಖ ತಿರುಗಿಸಿದರೆ ಮಾತು ಬಂದ ದಾರಿ ಹಿಡಿಯುವುದು. ಲೋಟ ತೊಳೆದಿಟ್ಟು ಬೋಟಿಗೆ ಹೋಗುವನು.

ಬೋಟಿನಲ್ಲಿ ಇನ್ನೊಂದು ಸಂಕಟ ಕಾದಿತ್ತು. ಪೆಟ್ಟಿಗೆಯೊಳಗಿನ ಹುಡುಗಿ ಜೇನಿನಂಥ ದನಿಯವಳು, ಆದರೆ ಪಾಪ, ನದಿ ನೋಡಿದವಳಲ್ಲ. ಪುಸ್ತಕದಲ್ಲಿ 'ಎಡದಂಡೆ' ಎಂದಿದ್ದ ಕಡೆಯೆಲ್ಲ 'ನಿಮ್ಮ ಎಡಕ್ಕೆ' ಎಂದು ಓದಿಬಿಟ್ಟಿದ್ದಳು. ಬೋಟು ಹೋಗುವುದು ನದಿಗೆ ಎದುರಾಗಿ. ಹಾಗಾಗಿ ಅವಳು ತೋರಿಸಿದ್ದೆಲ್ಲ ತಿರುಗುಮುರುಗು. "ನಿಮ್ಮ ಎಡಕ್ಕೆ ಕಾಣುತ್ತಿರುವುದು ಜಗತ್ಪ್ರಸಿದ್ಧ ಅರಮನೆ. ಇದರ ಕಿಟಕಿಗಳ ಸೊಬಗನ್ನು ಗಮನಿಸಿ" ಎನ್ನುವಳು. ಜನ ಎಡಕ್ಕೆ ತಿರುಗಿ ಸೆರೆಮನೆಯ ಸರಳುಗಳನ್ನು ಗಮನಿಸುವರು. ಸರಳಿನ ಹಿಂದಿನಿಂದ ಯಾರೋ ಕೈ ಬೀಸಿದರೆ, ಅರಮನೆಯವರು ಎಷ್ಟು ಸರಳ ಜನ ಎಂದು ಮೆಚ್ಚಿ ಇವರೂ ಕೈ ಬೀಸುವರು.

ಮೂಕಣ್ಣನಿಗೆ ಅದನ್ನು ಕೇಳಲಾಗುತ್ತಿರಲಿಲ್ಲ. ಅದು ಅವಳ ಅರಮನೆ, ಅವಳ ಸೆರೆಮನೆ. ಬಾಯಿ ಬಿಟ್ಟು "ಇದಲ್ಲ, ಅದು" ಎಂದರೆ ಮುಗಿಯುತ್ತಿತ್ತು. ಆದರೆ ಬಾಯಿ ಬಿಡುವುದಕ್ಕಿಂತ ಬೋಟು ತಿರುಗಿಸುವುದೇ ಅವನಿಗೆ ಸುಲಭವೆನಿಸಿತು. ಅರಮನೆ ಹತ್ತಿರ ಬರುತ್ತಲೇ ಬೋಟಿನ ಮೂತಿಯನ್ನು ಸಮುದ್ರದ ಕಡೆ ತಿರುಗಿಸಿ, ಎಂಜಿನ್ನು ರಿವರ್ಸಿಗೆ ಹಾಕಿ, ಹಿಂದುಹಿಂದಕ್ಕೇ ನದಿ ಹತ್ತತೊಡಗಿದ. ಈಗ ಹುಡುಗಿ ಎಡ ಎಂದರೆ ಎಡಕ್ಕೇ ಅರಮನೆ! ಎಂಜಿನ್ನು ಬುಸುಗುಟ್ಟಿತು, ನೀರು ಹಿಂದಿನ ಬೆಂಚಿನವರ ಕಾಲು ತೋಯಿಸಿತು, ಒಬ್ಬಳು "ಅಯ್ಯಯ್ಯೋ, ಡ್ರೈವರಿಗೆ ತಲೆ ಕೆಟ್ಟಿದೆ" ಎಂದು ಕಿರುಚಿದಳು. ಸಂಜೆ ಮಾಲೀಕ ಅವನಿಗೆ ಮಂಗಳಾರತಿ ಎತ್ತಿದ. "ಬೋಟನ್ನೇನು ಏಡಿ ಅಂದ್ಕೊಂಡಿದ್ದೀಯೇನೋ?"

ಸುದ್ದಿ ಮೂಕಣ್ಣನಿಗಿಂತ ಮೊದಲೇ ಮನೆ ಸೇರಿತ್ತು. ಅವನು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗೆ ಅಮ್ಮ ಅದನ್ನೇ ವರ್ಣಿಸುತ್ತಿದ್ದಳು, ಮೈಕಮ್ಮ ನಗುತ್ತಿದ್ದಳು. ಒಡೆದ ದನಿಯ ನಗು, ನಡುವೆ ಕೆಮ್ಮು, ಮತ್ತೆ ನಗು. ಎಷ್ಟು ದಿನವಾಗಿತ್ತು ಅದನ್ನು ಕೇಳಿ! ಅವನು ಹಿಗ್ಗಿ ಒಳಗೆ ಬಂದ. ನಗು ಅಲ್ಲಿಗೇ ನಿಂತಿತು.

"ಅತ್ತೆ," ಎಂದಳು ಅವಳು ಒಲೆಯ ಕಡೆ ತಿರುಗಿ, "ಭಾನುವಾರ ನಾನು ಅಕ್ಕನ ಮನೆಗೆ ಹೋಗ್ತೀನಿ. ಬಟ್ಟೆ ಅಂಗಡೀಲಿ ಜೊತೆಗೆ ಒಬ್ಬರು ಬೇಕು ಅಂತ ಅವಳು ಕರೀತಾನೇ ಇದ್ದಾಳೆ."

"ಹೋಗಿ ಬಾರಮ್ಮ. ಯಾವಾಗ ಬರ್ತೀಯಾ?"

"ಕೇಳೋದೇನಿದೆ ಅತ್ತೆ? ಬರೋ ಹಾಗಾದ್ರೆ ಬರ್ತೀನಿ."

ಮುದುಕಿಗೆ ಆ ಮಾತು ಒಂದೇ ಸಲಕ್ಕೆ ಸ್ಪಷ್ಟವಾಗಿ ಕೇಳಿಸಿತು. ಮೂಕಣ್ಣನಿಗೂ ಕೇಳಿಸಿತು. ಅವನು ಜಗಲಿಗೆ ಬಂದು ಗೋಡೆಗೊರಗಿ ಕುಳಿತ. ಅವಳು ಹೋದರೆ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಟಮಾರಿ ಎಂದಲ್ಲ, ಕೇಳದೆ ತನ್ನನ್ನು ಎತ್ತಿಟ್ಟ ಮನೆಗೆ, ಯಾರೂ ಬಾ ಎನ್ನದೆ, ಅವಳಾದರೂ ಯಾಕೆ ಬರಬೇಕು?

ಸ್ವಲ್ಪ ಹೊತ್ತಿಗೆ ಅಮ್ಮ ಬಂದು ಪಕ್ಕ ಕುಳಿತಳು.

"ಲೋ, ಅವಳ ಮಾತು ನಿನ್ನ ಹತ್ರ ಹೊತ್ತು, ನಿನ್ನ ಮೌನ ಅವಳ ಹತ್ರ ಹೊತ್ತು, ನನ್ನ ಸೊಂಟ ಬಿತ್ತು. ಏನಿದೆಯೋ ಅದನ್ನ ನಿನ್ನ ಬಾಯಿಂದಾನೇ ಹೇಳು."

"ನಂಗೆ ಹೇಳೋಕೆ ಬರಲ್ಲಮ್ಮ."

"ಬರೋದನ್ನ ಹೇಳು."

"ನಂಗೆ ಬರೋದು ನದಿ ಒಂದೇ."

"ಹಂಗಾದ್ರೆ ಅದನ್ನೇ ಹೇಳೋ ಮಾರಾಯ. ಅವಳೇನು ಬೇಡ ಅಂತಾಳಾ?"

ಭಾನುವಾರ ಬೋಟು ತುಂಬಿತ್ತು. ಅಕ್ಕನ ಮನೆ ಹಳೇ ಸೇತುವೆಯ ಮೆಟ್ಟಿಲ ಬಳಿ. ಅಲ್ಲಿಗೆ ಹೋಗಲು ಇದೇ ಬೋಟು, ಬೇರೆ ದಾರಿಯಿಲ್ಲ. ಮೈಕಮ್ಮ ಪ್ರವಾಸಿಗಳ ನಡುವೆ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಮುಖವನ್ನು ನೀರಿನ ಕಡೆ ತಿರುಗಿಸಿ ಕುಳಿತಳು. ಬೀಳ್ಕೊಡುವ ನೆವದಲ್ಲಿ ಅತ್ತೆಯೂ ಹತ್ತಿ ಪಕ್ಕದಲ್ಲಿ ಕೂತಿದ್ದಳು.

ಬೋಟು ಹೊರಟಿತು. ಪೆಟ್ಟಿಗೆಯ ಹುಡುಗಿ ನಮಸ್ಕಾರ ಹೇಳಿದಳು. ಬಣ್ಣದವರ ಮೆಟ್ಟಿಲನ್ನು ಎದುರು ದಂಡೆಯ ಗೋದಾಮಿನ ಮೇಲೆ ತೋರಿಸಿದಳು. "ನಿಮ್ಮ ಎಡಕ್ಕೆ ಕಾಣುತ್ತಿರುವುದು ಜಗತ್ಪ್ರಸಿದ್ಧ..." ಎನ್ನುವಷ್ಟರಲ್ಲಿ ದನಿ ಕಟ್ಟಾಯಿತು. ಮೂಕಣ್ಣ ವೈರು ಕಿತ್ತಿದ್ದ. ಒಂದು ಕೈ ಚುಕ್ಕಾಣಿಯ ಮೇಲೆ, ಇನ್ನೊಂದರಲ್ಲಿ ಹಳೇ ಮೈಕು. ಅವನು ಅದನ್ನು ಎರಡು ಸಲ ತಟ್ಟಿದ.

"ಅದು... ಏನಪ್ಪಾ ಅಂದ್ರೆ..." ಎಂದ. ಬೋಟಿನಲ್ಲಿ ಎಲ್ಲರೂ ಹಿಂದೆ ತಿರುಗಿ ನೋಡಿದರು. ಅವನ ಹಣೆ ಬೆವೆತಿತು. "ಅದು ಅರಮನೆ ಅಲ್ಲ, ಸೆರೆಮನೆ. ಅರಮನೆ ಈ ಕಡೆ ಇದೆ. ನದಿಗೆ ಮುಖ ಸಮುದ್ರದ ಕಡೆ. ಇದು ಅದರ ಎಡಗೈ. ನಾವು ಮುಖ... ಮುಖ ತಿರುಗಿಸಿದ್ರೂ ನದಿಯ ಎಡ ಎಡಾನೇ. ಇದು ನನ್ನ ಮಾತಲ್ಲ. ನನ್ನ ಹೆಂಡ್ತಿ ಮಾತು."

ಜನ ಬಲಕ್ಕೆ ತಿರುಗಿ, ನಿಜವಾದ ಅರಮನೆ ಕಂಡು "ಓಹೋ" ಎಂದರು. ಆ ಓಹೋದಿಂದ ಅವನಿಗೆ ಸ್ವಲ್ಪ ಉಸಿರು ಬಂತು. ಮುಂದೆ ಎಡದಂಡೆಯಲ್ಲಿ ಹೆಂಚಿನ ಮನೆಗಳ ಪುಟ್ಟ ಹಳ್ಳಿಯೊಂದು ಕಾಣುತ್ತಿತ್ತು. ಅವಳು ಎಂದೂ ಬಿಡದ ಕಥೆ ಅದರದು.

"ಈ ಹಳ್ಳಿ ಮುಂಚೆ ಬಲದಂಡೇಲಿತ್ತು," ಎಂದ. "ಹಳ್ಳಿ ಎಲ್ಲೂ ಹೋಗ್ಲಿಲ್ಲ. ಒಂದು ದೊಡ್ಡ ನೆರೆ ಬಂದು, ನದೀನೇ ದಾರಿ ಬಿಟ್ಟು ಹಳ್ಳಿಯ ಆ ಮಗ್ಗುಲಿಗೆ ಹೊರಳ್ತು. ಎದ್ದು ನೋಡಿದ್ರೆ ಊರು ಎಡದಂಡೇಲಿ. ಎರಡೂ ದಂಡೆ ಯಜಮಾನ್ರು ಬಂದು ಊರು ನಮ್ದು ನಮ್ದು ಅಂತ ಕಿತ್ತಾಡಿದ್ರಂತೆ. ಆಗ ಒಬ್ಬ ಅಜ್ಜಿ ಅಂದ್ಲಂತೆ, ನಾನು ಕೂತಲ್ಲೇ ಇದ್ದೀನಪ್ಪ, ಎದ್ದು ಹೋಗಿದ್ದು ನದಿ, ಅದನ್ನೇ ಕೇಳಿ ಅಂತ."

ಜನ ನಕ್ಕರು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಅವನು ಮೈಕು ಕೆಳಗಿಡಲಿಲ್ಲ.

"ನದಿ ಯಾರನ್ನೂ ಕೇಳ್ಲಿಲ್ಲ," ಎಂದ ಸಣ್ಣ ದನಿಯಲ್ಲಿ. "ಕೇಳೋದೇನಿದೆ ಅಂದ್ಕೊಳ್ತು. ನಾನೂ ಹಂಗೇ ಮಾಡ್ದೆ. ಈ ಕಥೆಗಳನ್ನ ಹೇಳ್ತಿದ್ದೋಳಿಗೆ ಗಂಟಲಲ್ಲಿ ಗಂಟಾಯ್ತು. ನಮ್ಮಪ್ಪ ಗಂಟಲಿಂದಾನೇ ಹೋಗಿದ್ದು. ನಂಗೆ ಹೆದರಿಕೆ ಆಯ್ತು. ಹೆದರಿಕೆ ಆಗಿದೆ ಕಣೇ ಅಂತ ಅವಳಿಗೆ ಹೇಳ್ಬೇಕಿತ್ತು. ಹೇಳೋಕೆ ಬರ್ಲಿಲ್ಲ. ಅವಳನ್ನ ಒಂದು ಮಾತು ಕೇಳ್ದೆ ಅವಳ ಸ್ಟೂಲು ತೆಗೆಸ್ಬಿಟ್ಟೆ. ತಪ್ಪಾಯ್ತು."

ಇದೂ ನದಿಯ ಚರಿತ್ರೆಯ ಒಂದು ಭಾಗವೇ ಇರಬೇಕೆಂದು ಕೆಲವರು ಗಂಭೀರವಾಗಿ ತಲೆದೂಗಿದರು. ಅತ್ತೆ ಸೊಸೆಯ ಕಡೆ ಬಗ್ಗಿ, "ಏನಂದ? ನಂಗೆ ಸರಿಯಾಗಿ ಕೇಳಿಸ್ಲಿಲ್ಲ," ಎಂದಳು. ಸುಳ್ಳು, ಪ್ರತಿ ಅಕ್ಷರವೂ ಕೇಳಿಸಿತ್ತು. ಮೈಕಮ್ಮನ ಮುಖ ನೀರಿನ ಕಡೆಗೇ ಇತ್ತು. ಮಡಿಲಿನ ಚೀಲವನ್ನು ಮಾತ್ರ ಗಟ್ಟಿಯಾಗಿ ಅವುಚಿಕೊಂಡಿದ್ದಳು, ಕಣ್ಣು ತುಂಬಿತ್ತು.

ಎದುರಿಗೆ ಹಳೇ ಸೇತುವೆ ಕಾಣಿಸಿತು. ನೀರಿನ ಮೇಲೆ ಸಾಲಾಗಿ ಕಮಾನುಗಳು, ಊರಿನವರ ಬಾಯಲ್ಲಿ ಅವು ಸೇತುವೆಯ ಕಣ್ಣುಗಳು. ನಡುವಿನ ಕಣ್ಣು ಮಾತ್ರ ಉಳಿದವಕ್ಕಿಂತ ಕಿರಿದು. ಬೋಟು ಅದರೊಳಗೆ ಹೋಗುವಂತಿಲ್ಲ, ಅದರ ಪಕ್ಕದ್ದೇ ಸರಿಯಾದ ದಾರಿ. ಇಳಿಯುವ ಮೇಲಿನ ಜೆಟ್ಟಿ ಸೇತುವೆಯ ಆಚೆಗಿತ್ತು, ಮೆಟ್ಟಿಲ ಮೇಲೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತ ನಿಂತಿದ್ದಳು. ಮೂಕಣ್ಣನಿಗೆ ಹೇಳಲು ಉಳಿದಿದ್ದು ಇದೊಂದೇ ಕಥೆ. ಅದು ಮುಗಿದರೆ ಅವಳು ಇಳಿದು ಹೋಗುವಳು.

"ಆ ನಡುವಿನ ಕಣ್ಣು ನೋಡಿ, ಚಿಕ್ಕದು," ಎಂದ. "ಯಾಕಂದ್ರೆ... ಕಟ್ಟುವಾಗ ಕಲ್ಲು ಸಾಲ್ದೆ ಬಂತಂತೆ. ಅದಕ್ಕೇ ಚಿಕ್ಕದು ಮಾಡಿ ಮುಗಿಸಿದ್ರು."

"ರೀ!"

ಮೈಕಿಲ್ಲದೆಯೇ ಅದು ಬೋಟಿನ ಈ ತುದಿಯಿಂದ ಆ ತುದಿಗೆ ಮುಟ್ಟಿತು. ಒಡೆದ ದನಿ, ಆದರೆ ದನಿ ಅವಳದೇ. ಮೈಕಮ್ಮ ಎದ್ದು ನಿಂತಿದ್ದಳು, ಚೀಲ ಅತ್ತೆಯ ಮಡಿಲಿಗೆ ಬಿದ್ದಿತ್ತು.

"ಕಲ್ಲಲ್ಲ ರೀ, ಮೊಳ! ಆ ದಂಡೆಯಿಂದ ಒಂದು ಗುಂಪು, ಈ ದಂಡೆಯಿಂದ ಒಂದು ಗುಂಪು ಕಟ್ಕೊಂಡು ಬಂದ್ರು. ಅವರ ಮೊಳ ಉದ್ದ, ಇವರ ಮೊಳ ಗಿಡ್ಡ. ನಡುವೆ ಸೇರೋವಾಗ ಜಾಗ ಕಮ್ಮಿ ಬಿತ್ತು. ಜಾಗ ಇದ್ದಷ್ಟೇ ಒಂದು ಪುಟ್ಟ ಕಣ್ಣು ಕಟ್ಟಿ ಸೇರಿಸಿದ್ರು. ಇಷ್ಟು ವರ್ಷದಿಂದ ನನ್ನ ಬೆನ್ನ ಹಿಂದೇನೇ ನಿಂತು ಕೇಳಿದ್ದೀರಲ್ಲ, ಇದೊಂದು ತಲೆಗೆ ಹೋಗ್ಲಿಲ್ವಾ?"

ಮೂಕಣ್ಣ ತಬ್ಬಿಬ್ಬಾದ. ಬೇಕೆಂದು ಹೇಳಿದ ತಪ್ಪಲ್ಲ ಅದು, ನಿಜಕ್ಕೂ ಗೊತ್ತಿರಲಿಲ್ಲ. ಮೈಕು ಬಾಯಿಯ ಹತ್ತಿರವೇ ಇರುವುದನ್ನು ಮರೆತು ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

"ಸೇತುವೆ ಹತ್ರ ನಾನು ಕಥೆ ಕೇಳ್ತಾನೇ ಇರ್ಲಿಲ್ಲ ಕಣೇ. 'ರೀ, ಪಕ್ಕದ ಕಣ್ಣು' ಅಂತ ನೀನು ಯಾವಾಗ ಅಂತೀಯಾ ಅಂತ ಕಾಯ್ತಾ ಇದ್ದೆ."

ಎರಡೂ ದಂಡೆಗೆ ಕೇಳಿಸಿತು. ಮೆಟ್ಟಿಲ ಮೇಲೆ ಅಕ್ಕ ಸೊಂಟದ ಮೇಲಿನ ಕೈ ತೆಗೆದಳು. ಮೈಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮುಂದೆ ನೋಡಿ, ಗಾಬರಿಯಾಗಿ ಕೈ ಬೀಸಿದಳು.

"ರೀ, ಪಕ್ಕದ ಕಣ್ಣು! ಪಕ್ಕದ ಕಣ್ಣು ರೀ, ಗುದ್ದಿಬಿಡ್ತೀರಾ!"

ಅವನು ಚುಕ್ಕಾಣಿ ತಿರುಗಿಸಿದ. ಬೋಟು ಪಕ್ಕದ ಕಣ್ಣಿನ ತಂಪು ನೆರಳಿನೊಳಗೆ ಹೋಗಿ ಆಚೆ ಬಂತು. ಜೆಟ್ಟಿಯಲ್ಲಿ ಜನ ಇಳಿದು, ಸೇತುವೆಯ ಪಟ ತೆಗೆದುಕೊಂಡು, ಮತ್ತೆ ಹತ್ತಿ ಕೂತರು. ಮೈಕಮ್ಮ ಇಳಿಯಲಿಲ್ಲ. ಅಂಚಿಗೆ ಬಂದು, "ಅಕ್ಕಾ, ಅಂಗಡಿಗೆ ಬೇರೆ ಯಾರನ್ನಾದ್ರೂ ನೋಡ್ಕೋ. ಇಲ್ಲೊಬ್ಬರು ಸೇತುವೆಗೆ ಕಲ್ಲು ಸಾಲ್ದೆ ಬಂತು ಅಂತ ಊರಿಗೆಲ್ಲಾ ಸಾರ್ತಿದ್ದಾರೆ," ಎಂದು ಕೂಗಲು ಹೋಗಿ ಕೆಮ್ಮಿದಳು. ಅಕ್ಕ ನಕ್ಕು, ಸಾಕು ಸುಮ್ಮನಿರು ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

ಕಪ್ಪು ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿ ಮೈಕಮ್ಮ ಅದರ ಜಾಗದಲ್ಲಿ ನೆಲದ ಮೇಲೇ ಕುಳಿತಳು. "ಗಂಟಲು ವಾಸಿಯಾಗೋ ತನಕ ನೀವೇ ಹೇಳಿ," ಎಂದು ಹಗ್ಗ ಬಿಚ್ಚಲು ಮುಂದೆ ಬಂದ ಗಂಡನಿಗೆ ಪಿಸುಗುಟ್ಟಿದಳು. "ತಪ್ಪಿದ್ರೆ ನಾನು 'ರೀ' ಅಂತೀನಿ. ಒಂದೇ ಒಂದಕ್ಷರ ತಾನೇ, ಡಾಕ್ಟ್ರು ಏನೂ ಅನ್ನಲ್ಲ."

ಮಾಲೀಕ ಏನೆನ್ನುವನೋ ಎಂಬುದು ನಾಳಿನ ಮಾತು. ಮೂಕಣ್ಣ ಹಗ್ಗ ಬಿಚ್ಚಿದ. ಎಂಜಿನ್ನು ಶುರು ಮಾಡಿದ. ಆಮೇಲೆ, ಎಂದೂ ಇಲ್ಲದ್ದು, ಚುಕ್ಕಾಣಿಯ ಮೇಲೆ ಕೈಯಿಟ್ಟು ಹೆಂಡತಿಯ ಮುಖ ನೋಡಿ ಕೇಳಿದ.

"ಬೋಟು ತಿರುಗಿಸ್ಲಾ?"

"ಕೇಳೋದೇನಿದೆ ರೀ," ಎಂದಳು ಮೈಕಮ್ಮ. "ತಿರುಗಿಸಿ."

ಬೋಟು ಸಮುದ್ರದ ಕಡೆ ಮುಖ ಮಾಡಿತು. ಬರುವಾಗ ಯಾರೂ ಮಾತಾಡಲಿಲ್ಲ. ಅದು ಗಾಳಿಯ ಹೊತ್ತು.